ಅಂಗೋಸ್ತುರಾದ ನರಿಗೆ ಒಂದು ತೋಟಾ

ನೋಲಾಸ್ಕೊ ಮನಸಾರೆ ಮೆಚ್ಚಿದ ಮನುಷ್ಯರು ಲೋಕದಲ್ಲಿ ಇಬ್ಬರೇ. ಒಬ್ಬ, ಅವನಿಗೆ ಕೋವಿ ಹಿಡಿಯಲು ಕಲಿಸಿದ ಮುದಿ ರೆಮಿಹಿಯೊ; ಅವನು ಸತ್ತು ಹದಿನಾಲ್ಕು ವರ್ಷವಾಗಿತ್ತು. ಇನ್ನೊಬ್ಬ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಉಳಿದವರೆಲ್ಲ ಅವನ ಕಣ್ಣಿಗೆ ಒಂದೋ ದಡ್ಡರು, ಇಲ್ಲವೇ ಪಟ್ಟಣದವರು. ಎರಡೂ ಆಗಿದ್ದವನು ಸಿಕ್ಕಿಬಿಟ್ಟರೆ ಅಂದು ನೋಲಾಸ್ಕೊಗೆ ಹಬ್ಬ. ಆದರೆ ಎಸ್ಟೇಟಿನ ಬಂಗಲೆಯಿಂದ ಅರವತ್ತು ಕಿಲೋಮೀಟರ್ ಆಚೆ, ಅಂಗೋಸ್ತುರಾ ಕಣಿವೆಯ ಕಾವಲುಮನೆಯಲ್ಲಿ ಒಂಬೈನೂರು ಕುರಿ, ನಾಲ್ಕು ನಾಯಿ, ಮೂರು ಕುದುರೆ ಮತ್ತು ಹೆಂಡತಿ ಸುಲೆಮಾಳ ಜೊತೆ ಇಪ್ಪತ್ತೆರಡು ವರ್ಷ ಕಳೆದವನಿಗೆ ಹಾಗೆ ಸಿಗುವವರಾದರೂ ಎಷ್ಟು ಜನ? ಕುರಿಗಳನ್ನು ಬಯ್ದು ಬಯ್ದು ಅವನಿಗೆ ಸಾಕಾಗಿತ್ತು. ಸುಲೆಮಾಳನ್ನು ಬಯ್ಯುವ ಧೈರ್ಯ ಅವನಿಗಿರಲಿಲ್ಲ.

ಹೀಗಾಗಿ ಅಕ್ಟೋಬರಿನ ಎರಡನೆಯ ವಾರ, ಕುರಿಗಳು ಈಯತೊಡಗಿದ ದಿನಗಳಲ್ಲಿ, ಮೇನೇಜರ್ ಇಸೌರೊನ ಪಿಕಪ್ ಗುಡ್ಡ ಇಳಿದು ಬರುವುದನ್ನು ಕಂಡು ಅವನ ಮುಖ ಅರಳಿತು.

"ಮುದುಕಿ, ನೀರು ಕಾಯಿಸು," ಎಂದ. "ಗಾಡೀಲಿ ಇಬ್ಬರಿದಾರೆ. ಒಬ್ಬ ಕುತ್ತಿಗೆಗೆ ರೇಷ್ಮೆ ಬಟ್ಟೆ ಸುತ್ಕೊಂಡಿದಾನೆ."

"ಇವತ್ತಾದ್ರೂ ನಾಲಗೆ ಹಿಡಿದು ಮಾತಾಡು ಮುದುಕ," ಎಂದಳು ಸುಲೆಮಾ. "ನಮ್ಮ ಗತಿ ಅವರ ಕೈಲಿದೆ."

ಅವಳು ಹೇಳಿದ್ದು ನಿಜ. ಹಿಂದಿನ ಬೇಸಿಗೆಯಲ್ಲಿ ಉಣ್ಣೆ ಕತ್ತರಿಸುವಾಗಲೇ ಯಜಮಾನರ ಮಾತು ಬ್ಯುನೋಸ್ ಐರಿಸ್‌ನಿಂದ ಬಂದಿತ್ತು. ಅಂಗೋಸ್ತುರಾದಲ್ಲಿ ಎರಡು ವರ್ಷದಿಂದ ಮರಿಗಳು ಉಳಿಯುತ್ತಿಲ್ಲ. ಈ ಸಲ ನೂರು ಕುರಿಗೆ ಅರವತ್ತೈದು ಮರಿಯಾದರೂ ನಿಲ್ಲದಿದ್ದರೆ ಕಾವಲುಮನೆಗೆ ಬೀಗ. ಮಂದೆಯನ್ನು ಪಕ್ಕದ ಕಾವಲುಮನೆಯವನು ನೋಡಿಕೊಳ್ಳುತ್ತಾನೆ, ಗಂಡ ಹೆಂಡತಿ ಗಯೇಗೋಸ್ ಪಟ್ಟಣಕ್ಕೆ ಹೋಗಿ ಪಿಂಚಣಿ ಎಣಿಸಿಕೊಂಡು ಕೂರಬಹುದು. ಸುಲೆಮಾ ಮದುವೆಗೆ ಮುಂಚೆ ಗಯೇಗೋಸ್‌ನಲ್ಲಿ ಮೂರು ಚಳಿಗಾಲ ಕಳೆದಿದ್ದಳು, ಗೋಡೆಯಾಚೆ ಇನ್ನೊಬ್ಬರ ಕೆಮ್ಮು ಕೇಳಿಸುವ ಕೋಣೆಯಲ್ಲಿ. ಈ ಗಾಳಿಯ ಕಣಿವೆಯಲ್ಲಿ ಪಾಪ್ಲರ್ ಮರಗಳ ಸಾಲು ಬೆಳೆಸಿ, ಅದರ ಮರೆಯಲ್ಲಿ ಕೋಳಿ, ಆಲೂಗಡ್ಡೆ, ಒಂದು ಚೆರ್ರಿ ಗಿಡ ಎಲ್ಲವನ್ನೂ ಮಾಡಿಕೊಂಡವಳು ಅವಳು. ಈ ಮನೆಯಿಂದ ತನ್ನನ್ನು ಹೆಣವಾಗಿಯೇ ಹೊತ್ತೊಯ್ಯಬೇಕು ಎಂದು ಅವಳು ಹೇಳಿದ್ದು ತಮಾಷೆಗಲ್ಲ.

ಮರಿಗಳು ಉಳಿಯದಿರಲು ಕಾರಣ ನರಿ. ಆ ಸೀಮೆಯ ನರಿ ಎಂದರೆ ಕೆಂಪಗೆ, ನಾಯಿಯಷ್ಟು ಎತ್ತರದ್ದು; ಆಗ ತಾನೇ ಬಿದ್ದ ಮರಿಯ ನಾಲಗೆಯನ್ನಷ್ಟೇ ತಿಂದು ಉಳಿದದ್ದನ್ನು ಬಿಟ್ಟು ಹೋಗುವ ಶ್ರೀಮಂತಿಕೆ ಅದರದ್ದು. ನೋಲಾಸ್ಕೊನ ಹಳೆಯ ಕೋವಿಯ ನಳಿಗೆ ಸವೆದು ಹೋಗಿ, ಗುಂಡು ಎತ್ತ ಹೋಗುತ್ತದೆಂಬುದು ಗುಂಡಿಗೇ ಗೊತ್ತಿರುತ್ತಿರಲಿಲ್ಲ. ಎರಡು ವರ್ಷ ಗೋಗರೆದ ಮೇಲೆ ಯಜಮಾನರು ಹೊಸದೊಂದಕ್ಕೆ ಒಪ್ಪಿದ್ದರು. ಯಾವ ತೋಟಾದ ಕೋವಿ ಬೇಕು ಎಂದು ಗೊತ್ತು ಮಾಡಲಿಕ್ಕೇ ಇವರಿಬ್ಬರೂ ಬಂದದ್ದು.

ರೇಷ್ಮೆ ಬಟ್ಟೆಯವನು ಯಜಮಾನರ ಅಳಿಯ. ಲಿಸಾಂದ್ರೊ ಎಂದು ಹೆಸರು, ಮೂವತ್ತೈದರ ಪ್ರಾಯ, ರಾಜಧಾನಿಯ ಯಾವುದೋ ಗುರಿಕಾರರ ಕ್ಲಬ್ಬಿನಲ್ಲಿ ಕಾಗದಕ್ಕೆ ತೂತು ಹೊಡೆದು ಕಪ್ಪು ಗೆದ್ದವನು. ಬೂಟಿನ ಮೇಲೆ ಧೂಳಿರಲಿಲ್ಲ. ಅಡುಗೆಮನೆಯ ಬೆಂಚಿನಲ್ಲಿ ಕೂತು, ನೋಲಾಸ್ಕೊ ಕೊಟ್ಟ ಮಾಟೆಯ, ಅಂದರೆ ಅಲ್ಲಿನವರು ಕಹಿಯಾಗಿಯೇ ಹೀರುವ ಸೊಪ್ಪಿನ ಚಹಾದ, ಬುರುಡೆಯನ್ನು ಕೈಗೆ ತೆಗೆದುಕೊಂಡು, ಕೊಳವೆಯಲ್ಲಿ ಒಂದು ಗುಟುಕು ಎಳೆದವನೇ ಮುಖ ಕಿವಿಚಿದ.

"ಸ್ವಲ್ಪ ಸಕ್ಕರೆ ಇದೆಯಾ?"

ನೋಲಾಸ್ಕೊ ಸುಲೆಮಾಳ ಕಡೆ ನೋಡಿದ. ಸುಲೆಮಾ ಅವನ ಕಡೆ ನೋಡದೆ ಸಕ್ಕರೆ ಡಬ್ಬಿ ತಂದಿಟ್ಟಳು.

ಇಸೌರೊ ಜೇಬಿನಿಂದ ಪುಸ್ತಕ ತೆಗೆದ. ಅವನೊಬ್ಬ ಪೆನ್ಸಿಲ್ ಮನುಷ್ಯ. ಎದುರಿಗೆ ಸಿಡಿಲು ಬಡಿದರೂ ಅದು ಯಾವ ಕಾಲಂಗೆ ಬರುತ್ತದೆ ಎಂದು ಮೊದಲು ಯೋಚಿಸುವ ಜಾತಿ. "ನನ್ನ ಕೇಳಿದ್ರೆ ಇಪ್ಪತ್ತೆರಡರ ಮ್ಯಾಗ್ನಮ್ ಸಾಕು ಮಾರಾಯ," ಎಂದ. "ಅಗ್ಗ. ಗಯೇಗೋಸ್‌ನಲ್ಲಿ ಎಲ್ಲಿ ಬೇಕಾದ್ರೂ ಸಿಗುತ್ತೆ."

"ಮೊಲಕ್ಕೆ ಸಾಕು," ಎಂದ ನೋಲಾಸ್ಕೊ. "ನರಿಗೆ ಹೊಡೆದ್ರೆ, ಯಾರದು ಕರೆದಿದ್ದು ಅಂತ ತಿರುಗಿ ನೋಡುತ್ತೆ. ಹೊಟ್ಟೆಗೆ ಪೆಟ್ಟು ತಿಂದದ್ದು ಎರಡು ಗುಡ್ಡ ದಾಟಿ ಹೋಗಿ ನರಳುತ್ತೆ. ಅಕಸ್ಮಾತ್ ಬದುಕಿದ್ರೆ ಮೊಲ ಹಿಡಿಯೋ ಕಾಲು ಇರಲ್ಲ. ಆಮೇಲೆ ದಿನಾ ನಮ್ಮ ಮರಿಗಳೇ ಅದಕ್ಕೆ ಊಟ. ಅಗ್ಗ ಅಂತೆ. ಬರ್ಕೋ ನಿನ್ನ ಪುಸ್ತಕದಲ್ಲಿ, ನರಿಗೆ ಊಟ ಪುಕ್ಕಟೆ ಅಂತ."

ಅಳಿಯ ನಕ್ಕು, ದೊಡ್ಡವರ ಹೆಸರಿಗೆ ಹಚ್ಚುವ 'ದೋನ್' ಹಚ್ಚಿ ಹೇಳಿದ. "ದೋನ್ ನೋಲಾಸ್ಕೊ ಹೇಳೋದು ಸರಿ. ಅದಕ್ಕೇ ನಾನು ಇದನ್ನ ತಂದಿದೀನಿ." ಉದ್ದನೆಯ ಪೆಟ್ಟಿಗೆ ಬಿಚ್ಚಿದ. ಒಳಗೆ ಮಗುವನ್ನು ಮಲಗಿಸಿದ ಹಾಗೆ ಕೋವಿ ಮಲಗಿತ್ತು, ಅದರ ಬೆನ್ನ ಮೇಲೆ ತೋಳಿನಷ್ಟು ದಪ್ಪದ ದುರ್ಬೀನು. ಪಕ್ಕದ ಡಬ್ಬಿಯಿಂದ ಅವನು ಒಂದು ತೋಟಾ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಕೆಳಗೆ ಬಾಟಲಿಯ ಹಾಗೆ ಹೊಟ್ಟೆ, ಮೇಲೆ ಸೂಜಿಯಂತಹ ಮೂತಿ. "ಇಪ್ಪತ್ತೆರಡು-ಇನ್ನೂರೈವತ್ತು. ಗುಂಡು ಸಣ್ಣದೇ, ಆದರೆ ಹಿಂದೆ ತುಂಬಿರೋ ಮದ್ದು ನೋಡಿ. ಸೆಕೆಂಡಿಗೆ ಸಾವಿರದ ನೂರು ಮೀಟರ್. ಇನ್ನೂರೈವತ್ತು ಮೀಟರ್ ಆಚೆ ನರಿ ನಿಂತಿದ್ರೂ ಸೀದಾ ಎದೆಗೇ ಗುರಿ ಇಟ್ರೆ ಆಯ್ತು. ಗಾಳಿಗೆ ಎಷ್ಟು ಬಿಡಬೇಕು ಅನ್ನೋದಕ್ಕೆ ಫೋನಲ್ಲಿ ಪಟ್ಟಿ ಇದೆ."

"ಫೋನಲ್ಲಿ," ಎಂದ ನೋಲಾಸ್ಕೊ. ಕಿಟಕಿಯಾಚೆ ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. "ಗಾಳಿಗೆ ಗೊತ್ತಾ, ನಿಮ್ಮ ಫೋನಲ್ಲಿ ಏನಿದೆ ಅಂತ?"

"ಹಾಗಾದ್ರೆ ನಿಮಗೆ ಯಾವುದು ಬೇಕು?"

ನೋಲಾಸ್ಕೊ ಜೇಬಿಗೆ ಕೈ ಹಾಕಿ ಒಂದು ಪುಟ್ಟ ತೋಟಾ ತೆಗೆದು ಅದರ ಪಕ್ಕದಲ್ಲಿಟ್ಟ. ಕಿರುಬೆರಳಿನ ಗಾತ್ರದ್ದು, ಹಿತ್ತಾಳೆ ಮಾಸಿ ಕಂದಾಗಿತ್ತು. ಅದರ ಹೆಸರು ಹಾರ್ನೆಟ್. ಆ ಕಣಿವೆಯ ಹಳಬರು ಅದನ್ನು ಕಡಜ ಎಂದೇ ಕರೆಯುತ್ತಿದ್ದರು. ರೆಮಿಹಿಯೊ ಬಾಳಿಡೀ ಅದೊಂದನ್ನೇ ಹೊಡೆದದ್ದು.

ಅಳಿಯ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. "ಅಯ್ಯೋ, ಇದು ಅಜ್ಜಂದಿರ ಕಾಲದ್ದು. ಕ್ಲಬ್ಬಲ್ಲಿ ಗಾಜಿನ ಕಪಾಟಲ್ಲಿ ಒಂದು ಇಟ್ಟಿದಾರೆ. ನೂರೈವತ್ತು ಮೀಟರ್ ದಾಟಿದ್ರೆ ಇದು ಮಲಗಿಬಿಡುತ್ತೆ ದೋನ್ ನೋಲಾಸ್ಕೊ." ಹಾಗೆಂದು ಮನಸ್ಸು ಬಿಚ್ಚಿ ನಕ್ಕ. ಕೆಟ್ಟ ನಗುವೇನಲ್ಲ. ಇಸೌರೊ ಕೂಡ, ಯಜಮಾನರ ಅಳಿಯ ನಗುತ್ತಿರುವಾಗ ತಾನು ನಗದಿದ್ದರೆ ಹೇಗೆಂದು ಜೊತೆಗೂಡಿದ.

ಆ ನಗು ನೋಲಾಸ್ಕೊಗೆ ನಾಟಿತು. ಇತರರನ್ನು ನೋಡಿ ನಗುವುದೇ ಕಸುಬಾದವನಿಗೆ ತನ್ನನ್ನು ನೋಡಿ ಯಾರಾದರೂ ನಕ್ಕರೆ ಅದು ಹೊಸ ಬೂಟು ಕಚ್ಚಿದ ಹಾಗೆ.

ಹಾರ್ನೆಟ್ ಯಾಕೆ ಎಂಬುದಕ್ಕೆ ಅವನ ಬಳಿ ಒಂದೇ ಒಂದು ಕಾರಣವಿತ್ತು, ಅದು ಒಂದು ವಾಕ್ಯದಲ್ಲಿ ಮುಗಿಯುವಂಥದ್ದು. ಸದ್ದು. ಕುರಿ ಈಯುವ ಕಾಲದಲ್ಲಿ ಅಂಗೋಸ್ತುರಾದಲ್ಲಿ ಯಾರೂ ಸದ್ದು ಮಾಡುವುದಿಲ್ಲ. ನಾಯಿಗಳನ್ನು ಕಟ್ಟಿಹಾಕುತ್ತಾರೆ, ಸೌದೆಯನ್ನು ಸೆಪ್ಟೆಂಬರಿನಲ್ಲೇ ಒಡೆದು ಪೇರಿಸುತ್ತಾರೆ, ಸುಲೆಮಾ ಕಂಬಳಿ ಕೊಡವುವುದನ್ನೂ ನಿಲ್ಲಿಸುತ್ತಾಳೆ. ಈದ ಕುರಿ ಮರಿಯನ್ನು ನೆಕ್ಕಿ, ಮೂಸಿ, ಇದು ನನ್ನದು ಎಂದು ಗುರುತು ಹಿಡಿಯಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ ಬೆದರಿ ಓಡಿತೋ, ಮರಳಿ ಬಂದಾಗ ಅದಕ್ಕೆ ಮರಿಯೇ ಗೊತ್ತಿರುವುದಿಲ್ಲ. ಅದರಲ್ಲೂ ಚೊಚ್ಚಲು ಈಯುವ ಕುರಿ ಎಷ್ಟೋ ಸಲ ಮರಳಿ ಬರುವುದೂ ಇಲ್ಲ. ತನ್ನಿಂದ ಏನು ಬಿತ್ತು ಎಂಬುದೇ ಅದಕ್ಕೆ ತಿಳಿದಿರುವುದಿಲ್ಲ. ಕಡಜದ ಸದ್ದು ಗಾಳಿಯಲ್ಲಿ ಬಾಗಿಲು ಬಡಿದಷ್ಟು. ತಗ್ಗಿನಲ್ಲಿ ಮಲಗಿ, ಮೊಲದ ದನಿಯಲ್ಲಿ ಸಿಳ್ಳೆ ಹಾಕಿ ನರಿಯನ್ನು ಅರವತ್ತು ಹೆಜ್ಜೆಗೆ ಕರೆದು ಹೊಡೆದರೆ ಕುರಿ ತಲೆ ಎತ್ತಿ ನೋಡಿ ಮತ್ತೆ ಮರಿ ನೆಕ್ಕುತ್ತದೆ. ಅಳಿಯನ ಆ ಇನ್ನೂರೈವತ್ತರ ತೋಟಾವೋ, ಅದು ಕಣಿವೆಯನ್ನೇ ಸೀಳುವ ಸಿಡಿಲು.

ಇಷ್ಟನ್ನು ಹೇಳಿದ್ದರೆ ಅಳಿಯ ತಲೆಯಾಡಿಸಿ, ಪೆಟ್ಟಿಗೆ ಮುಚ್ಚಿ, ಹಾರ್ನೆಟ್ ಎಂದು ಬರೆಸಿ ಹೋಗುತ್ತಿದ್ದ. ನೋಲಾಸ್ಕೊಗೆ ಅದು ಬೇಕಿರಲಿಲ್ಲ. ಇವನಿಗೆ ನಾನು ತಿಳಿಸಿ ಹೇಳಬೇಕೇ, ಕಾಗದಕ್ಕೆ ತೂತು ಹೊಡೆಯುವವನಿಗೆ? ಹೊಡೆಯಲಿ. ಇಸೌರೊನ ಕಣ್ಣೆದುರಿಗೇ ಹೊಡೆಯಲಿ. ಹೇಗೂ ಇಲ್ಲಿ ಗಾಳಿ ಇದೆ, ಅರ್ಧ ಸದ್ದನ್ನು ಅದು ನುಂಗಿಹಾಕುತ್ತದೆ. ಹತ್ತು ಹನ್ನೆರಡು ಕುರಿ ದಿಕ್ಕೆಟ್ಟು ಓಡಿ, ಅಳಿಯನ ಮುಖ ಹುಳಿಯಾಗಿ, ಸುತ್ತಿಕೊಂಡ ರೇಷ್ಮೆ ಬಟ್ಟೆಯಲ್ಲೇ ಬೆವರು ಒರೆಸಿಕೊಳ್ಳುತ್ತಾನೆ. ಆಗ ಹೇಳಲಿಕ್ಕೆಂದು ಒಂದು ಮಾತನ್ನೂ ಅವನು ಮನಸ್ಸಿನಲ್ಲೇ ಮಸೆದಿಟ್ಟುಕೊಂಡ.

"ನಾಳೆ ಬೆಳಿಗ್ಗೆ ಹೊಡೆದು ತೋರಿಸಿ ಸಾಹೇಬರೇ," ಎಂದ ನಯವಾಗಿ. "ಹೊಳೆ ಹತ್ತಿರದ ಬಯಲಿಗೆ ದಿನಾ ಒಂದು ನರಿ ಬರುತ್ತೆ. ನಮಗೂ ಕಲಿತ ಹಾಗಾಗುತ್ತೆ."

ಸುಲೆಮಾ ತಟ್ಟೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಹೊಳೆ ಹತ್ತಿರದ ಬಯಲಿನಲ್ಲಿದ್ದದ್ದು ಮುನ್ನೂರು ಚೊಚ್ಚಲು ಕುರಿಗಳು.

ಬೆಳಗಾಯಿತು. ಗಂಡಸರು ಬೂಟು ಹಾಕಿಕೊಳ್ಳುತ್ತಿದ್ದಾಗ ಸುಲೆಮಾ ಒಲೆಯ ಬೂದಿ ಚೆಲ್ಲಲು ಹೊರಗೆ ಹೋದಳು. ಇಪ್ಪತ್ತೆರಡು ವರ್ಷದಿಂದ ಅವಳು ಬಾಗಿಲಿನಿಂದ ಪೂರ್ವಕ್ಕೆ ತಿರುಗಿ, ಬೆನ್ನಿಗೆ ಗಾಳಿ ಕೊಟ್ಟು, ಕಣ್ಣು ಮುಚ್ಚಿ ಬೂದಿ ಚೆಲ್ಲುವವಳು. ಅಂದು ಬೂದಿ ಅವಳ ಕಾಲ ಬುಡದಲ್ಲೇ ಸೀದಾ ಬಿದ್ದು ಗುಪ್ಪೆಯಾಯಿತು. ಅವಳು ಒಂದು ಕ್ಷಣ ನಿಂತು ಪಾಪ್ಲರ್ ಮರಗಳನ್ನು ನೋಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಒಳಗೆ ಬಂದು ಗಂಡನನ್ನು ಕುದುರೆ ಲಾಯದ ಕಡೆ ಎಳೆದುಕೊಂಡು ಹೋದಳು.

"ಮುದುಕ, ಗಾಳಿ ನಿಂತಿದೆ."

"ನೋಡ್ದೆ."

"ಹೇಳಿಬಿಡು ಅವನಿಗೆ. ಒಂದು ಮಾತು. ಹುಡುಗ ಕೆಟ್ಟವನಲ್ಲ, ಕೇಳ್ತಾನೆ."

"ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಏಳುತ್ತೆ ಬಿಡು. ಇಲ್ಲಿ ಗಾಳಿ ನಿಂತದ್ದು ನೀನು ಯಾವತ್ತು ನೋಡಿದೀಯ?"

"ಇವತ್ತು ನೋಡ್ತಾ ಇದೀನಿ."

ಅವನು ಟೋಪಿ ಸರಿಪಡಿಸಿಕೊಂಡು ಹೊರಟ. ಆ ನಾಡಿನಲ್ಲಿ ಹುಟ್ಟಿ ಬೆಳೆದ ಯಾವನಿಗಾದರೂ ಆ ತಪ್ಪು ಆಗುತ್ತಿತ್ತು ಎಂದು ಹೇಳಬಹುದು. ಅಲ್ಲಿನವರು ಸೂರ್ಯ ಹುಟ್ಟುತ್ತಾನೋ ಇಲ್ಲವೋ ಎಂದಾದರೂ ಅನುಮಾನಿಸಿಯಾರು, ಗಾಳಿಯನ್ನು ಅನುಮಾನಿಸರು. ಆದರೆ ನೋಲಾಸ್ಕೊಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅವನಿಗೆ ಹೇಳಿಯಾಗಿತ್ತು.

ದಿಬ್ಬದ ನೆತ್ತಿಯಲ್ಲಿ ಮೂವರೂ ಹೊಟ್ಟೆಯ ಮೇಲೆ ಮಲಗಿದರು. ಕೆಳಗೆ ಬಯಲು, ಅಲ್ಲಲ್ಲಿ ಕುರಿಗಳು, ಒಂದೊಂದರ ಕಾಲ ಬಳಿ ಹಳದಿ ಹಳದಿಯಾಗಿ ಒದ್ದೆ ಮರಿ. ಎಷ್ಟು ನಿಶ್ಶಬ್ದವೆಂದರೆ ಹೊಳೆಯಾಚೆ ಮರಿಯೊಂದು ಹಾಲು ಚೀಪುವುದೂ ಕೇಳಿಸುವಂತಿತ್ತು. ನರಿ ಮುಳ್ಳುಪೊದೆಯಿಂದ ಹೊರಬಂತು. ತನ್ನ ಮನೆಯಂಗಳದಲ್ಲಿ ನಡೆಯುವವರ ಹಾಗೆ ಆರಾಮವಾಗಿ ನಡೆದು, ನಿಂತು, ಕುರಿಗಳನ್ನು ಆರಿಸುತ್ತಿತ್ತು.

"ಇನ್ನೂರ ಎಂಬತ್ತು ಮೀಟರ್," ಎಂದು ಅಳಿಯ ಪಿಸುಗುಟ್ಟಿದ. ನೋಲಾಸ್ಕೊಗೆ ಇನ್ನೂ ಸಮಯವಿತ್ತು. ಕೈ ಚಾಚಿ ಕೋವಿಯ ಮೇಲಿಟ್ಟರೆ ಮುಗಿದಿತ್ತು. ಅವನು ಅಳಿಯನ ಮುಖವನ್ನೇ ನೋಡುತ್ತಾ ಮಲಗಿದ್ದ.

ನರಿಗೆ ಸತ್ತದ್ದೂ ಗೊತ್ತಾಗಲಿಲ್ಲ. ನಿಂತಲ್ಲೇ ಕುಸಿಯಿತು. ಹಾಗೆ ನೋಡಿದರೆ ಅದು ನೋಲಾಸ್ಕೊ ಬಾಳಿನಲ್ಲಿ ಕಂಡ ಅತ್ಯುತ್ತಮ ಗುರಿ. ಅದನ್ನು ಅವನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಸದ್ದು ದಿಬ್ಬದಿಂದ ಹೊರಟು ಎದುರು ಬಂಡೆಗೆ ಬಡಿದು ಮರಳಿ ಬಂತು, ಇನ್ನೊಂದು ಬಂಡೆಗೆ ಹೋಯಿತು, ಕಣಿವೆಯ ಉದ್ದಕ್ಕೂ ಉರುಳಿತು. ಅದನ್ನು ನುಂಗಲು ಒಂದು ಉಸಿರಿನಷ್ಟು ಗಾಳಿಯೂ ಇರಲಿಲ್ಲ. ಮುನ್ನೂರು ಕುರಿಗಳೂ ಒಟ್ಟಿಗೆ ತಿರುಗಿದವು. ಅರ್ಧ ಈದವು ಕೂಡ, ಹಿಂದೆ ಜೋತಾಡುತ್ತಿದ್ದ ಮರಿಯ ಜೊತೆಯಲ್ಲೇ ಓಡಿದವು. ಬಯಲಿನ ಕೊನೆಯ ತಂತಿಬೇಲಿಗೆ ಹೋಗಿ ಒಂದರ ಮೇಲೊಂದು ಬಿದ್ದವು. ಬಯಲಿನ ನಡುವೆ ಉಳಿದದ್ದು ಹಳದಿ ಚುಕ್ಕೆಗಳು ಮಾತ್ರ, ಕಾಲು ನಡುಗಿಸುತ್ತ ಎದ್ದು ನಿಂತು ಕೂಗುತ್ತಿದ್ದವು.

"ಬಿತ್ತು," ಎಂದು ಎರಡೂ ಕೈ ಎತ್ತಿದ ಅಳಿಯ, ಆಮೇಲೆ ಕೈಗಳನ್ನು ಹಾಗೇ ಇಳಿಸಿದ. "ಏನಾಯ್ತು ಅವಕ್ಕೆ?"

ನೋಲಾಸ್ಕೊ ಮಸೆದಿಟ್ಟುಕೊಂಡಿದ್ದ ಮಾತನ್ನು ಮರೆತು ಬಯಲಿನ ಹಳದಿ ಚುಕ್ಕೆಗಳನ್ನು ಎಣಿಸತೊಡಗಿದ. ಹತ್ತು ಹನ್ನೆರಡು ಎಂದು ಅವನು ಅಂದಾಜು ಮಾಡಿದ್ದ. ಅಳಿಯ ಎದ್ದು ಬಯಲಿಗೆ ಓಡಲು ಹೊರಟಾಗ ಮಾತ್ರ ಅವನ ಜಾಕೆಟ್ ಹಿಡಿದು ಕೆಳಕ್ಕೆ ಎಳೆದ.

"ಕೂತ್ಕೊಳ್ಳಿ. ಈಗ ಕೆಳಗಿಳಿದ್ರೆ ಇರೋವೂ ಬರಲ್ಲ."

ಮೂವರೂ ಎರಡು ಗಂಟೆ ಅಲ್ಲೇ ಕೂತು ನೋಡಿದರು. ಬೇಲಿಯಿಂದ ಕೆಲವು ಕುರಿಗಳು ಮರಳಿದವು, ಬಹಳಷ್ಟು ಮರಳಿದವು ಎಂದೇ ಹೇಳಬೇಕು; ಉಳಿದವು ಅಲ್ಲೇ ನಿಂತು, ಏನೂ ಆಗಿಲ್ಲವೆಂಬಂತೆ ಹುಲ್ಲು ಮೇಯತೊಡಗಿದವು. ಹದ್ದುಗಳು ಬಂದವು. ಅವು ಮೊದಲು ಕಣ್ಣಿಗೆ ಬಾಯಿ ಹಾಕುತ್ತವೆ. ಅಳಿಯ ಒಂದು ಸಲ ಮುಖ ತಿರುಗಿಸಿದ, ಆಮೇಲೆ ತಿರುಗಿಸಲಿಲ್ಲ. ಇಸೌರೊ ಪೆನ್ಸಿಲ್ ತೆಗೆದು, ಎಲ್ಲಿ ಬರೆಯುವುದೆಂದು ತೋಚದೆ ಒಳಗಿಟ್ಟ.

ಮಧ್ಯಾಹ್ನದಿಂದ ಸಂಜೆಯವರೆಗೆ ಅಳಿಯ ಮರಿಗಳನ್ನು ಹೊತ್ತ. ಯಾರೂ ಹೇಳಿರಲಿಲ್ಲ. ಒಂದೊಂದು ಸಲಕ್ಕೆ ಎರಡೆರಡು, ಜಾಕೆಟ್ಟಿನೊಳಗೆ ಎದೆಗವುಚಿಕೊಂಡು, ರೇಷ್ಮೆ ಬಟ್ಟೆಯಲ್ಲಿ ಇನ್ನೊಂದನ್ನು ಸುತ್ತಿಕೊಂಡು, ದಿಬ್ಬ ಹತ್ತಿ ಇಳಿದ; ನೋಲಾಸ್ಕೊ ಪಕ್ಕದಲ್ಲೇ ನಡೆದ. ಅಡುಗೆಮನೆಯ ಒಲೆಯ ಸುತ್ತ ಸುಲೆಮಾ ಗೋಣಿ ಹಾಸಿದ್ದಳು. ಬಾಟಲಿಯ ಮೂತಿಯನ್ನು ಬಾಯಿಗಿಟ್ಟು, ಗಂಟಲು ನೀವಿ ಹಾಲು ಇಳಿಸುವುದನ್ನು ಅವಳು ತೋರಿಸಿಕೊಟ್ಟಳು. ಅವನು ಮಂಡಿಯೂರಿ ಕೂತು ಹಾಗೇ ಮಾಡಿದ. ಅಂದು ಸತ್ತದ್ದು ನಲವತ್ತೊಂದು. ಮಾರನೆಯ ದಿನ ಹೊರಡುವಾಗ ಅಳಿಯ, "ಹಾರ್ನೆಟ್ ಅಂತ ಬರ್ಕೊಳ್ಳಿ," ಎಂದು ಇಸೌರೊಗೆ ಹೇಳಿದ. ಸುಲೆಮಾಳ ಕೈ ಹಿಡಿದು ಅದುಮಿ ಗಾಡಿ ಹತ್ತಿದ.

ವಾರದೊಳಗೆ ಹೊಸ ಕೋವಿ ಬಂತು, ಎರಡು ಡಬ್ಬಿ ಕಡಜದ ಜೊತೆ. ನೋಲಾಸ್ಕೊ ಒಂದೂವರೆ ತಿಂಗಳಲ್ಲಿ ಏಳು ನರಿ ಹೊಡೆದ. ಒಂದು ಕುರಿಯೂ ಬೆಚ್ಚಲಿಲ್ಲ. ಯಾರು ಸಿಕ್ಕರೂ ಆ ಏಳು ನರಿಯ ವಿಷಯ ಹೇಳುತ್ತಿದ್ದ. ಸುಲೆಮಾ ಆ ಮಾತು ಬಂದಾಗಲೆಲ್ಲ ಎದ್ದು ಕೋಳಿಗಳ ಕಡೆ ಹೋಗುತ್ತಿದ್ದಳು.

ಡಿಸೆಂಬರಿನಲ್ಲಿ ಮರಿಗಳ ಕಿವಿ ಗುರುತು ಮಾಡಿ ಬಾಲ ಕತ್ತರಿಸುವ ದಿನ ಬಂತು. ಆ ಸೀಮೆಯಲ್ಲಿ ಮರಿಗಳ ಲೆಕ್ಕ ನಡೆಯುವುದು ಬಾಲದಿಂದಲೇ. ಕತ್ತರಿಸಿದ್ದನ್ನೆಲ್ಲ ದೊಡ್ಡಿಯ ಬೇಲಿಯ ಬಳಿ ರಾಶಿ ಹಾಕಿ, ಹತ್ತು ಹತ್ತರ ಸಾಲಾಗಿ ಜೋಡಿಸುತ್ತಾರೆ. ಬೇಕಿದ್ದದ್ದು ಐನೂರ ಎಂಬತ್ತೈದು. ಇಸೌರೊ ಎರಡು ಸಲ ಎಣಿಸಿದ. ಮೂರನೆಯ ಸಲ ಸುಲೆಮಾ ತಾನೇ ಕುಕ್ಕರುಗಾಲಲ್ಲಿ ಕೂತು ಎಣಿಸಿದಳು. ಐನೂರ ಅರವತ್ತೊಂದು.

"ಇಪ್ಪತ್ನಾಲ್ಕು ಕಡಿಮೆ," ಎಂದ ಇಸೌರೊ, ಯಾರ ಮುಖವನ್ನೂ ನೋಡದೆ. "ಕಾರಣ ಬರೀಬೇಕು. ನರಿ ಅಂತ ಬರೀತೀನಿ. ಯಾವಾಗ್ಲೂ ನರಿ ಅಂತಲೇ ಬರೆಯೋದು."

ಅಂದು ಅಳಿಯನೂ ಬಂದಿದ್ದ. ಬೆಳಗಿನಿಂದ ಆಳುಗಳ ಜೊತೆ ಮರಿ ಹಿಡಿದು ಕೊಟ್ಟು ಅಂಗಿಯೆಲ್ಲ ರಕ್ತ ಮಾಡಿಕೊಂಡಿದ್ದ. ಕುತ್ತಿಗೆಯಲ್ಲಿ ಬಟ್ಟೆ ಇರಲಿಲ್ಲ. ಆಳುಗಳು ಬೆಂಕಿಯ ಬಳಿ ಮಾಂಸ ಕೊಯ್ದುಕೊಂಡು ತಿನ್ನುತ್ತಿದ್ದರು. ದೊಡ್ಡಿಯ ಬಳಿ ಇದ್ದವರು ಇವರು ನಾಲ್ವರೇ.

"ನರಿ ಅಂತ ಬರೀಬೇಡಿ ಇಸೌರೊ," ಎಂದ ಅಳಿಯ. "ಆ ನಲವತ್ತೊಂದನ್ನ ನನ್ನ ಹೆಸರಿಗೆ ಬರೀರಿ. ಹೊಡೆದವನು ನಾನು. ಅವು ಉಳಿದಿದ್ರೆ ಲೆಕ್ಕ ತುಂಬಿ ಮಿಗ್ತಾ ಇತ್ತು. ಮಾವನ ಹತ್ರ ನಾನೇ ಮಾತಾಡ್ತೀನಿ, ಇನ್ನೊಂದು ವರ್ಷ ಕೊಡ್ತಾರೆ. ನಾನು ಕೇಳಿದ್ರೆ ಇಲ್ಲ ಅನ್ನಲ್ಲ."

ಸುಲೆಮಾ ಅಲ್ಲೇ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಎರಡು ತಿಂಗಳಿನಿಂದ ನೆಟ್ಟಗೆ ನಿಂತಿದ್ದ ಅವಳ ಬೆನ್ನು ಆ ಹೊತ್ತು ಸಡಿಲಾಯಿತು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಲಾಸ್ಕೊ ಕಂಡ.

"ನನಗೆ ತಿಳೀಲಿಲ್ಲ ಸುಲೆಮಾ ಅಮ್ಮ," ಎಂದ ಅಳಿಯ ಅವಳ ಕಡೆ ತಿರುಗಿ. "ಗಾಳಿ ನಿಂತ ದಿನ ಸದ್ದು ಹಾಗೆ ಹೋಗುತ್ತೆ, ಚೊಚ್ಚಲು ಕುರಿ ಹಾಗೆ ಓಡುತ್ತೆ ಅಂತ ಯಾರಿಗೆ ಗೊತ್ತಿತ್ತು? ಪಾಪ, ದೋನ್ ನೋಲಾಸ್ಕೊಗೇ ಹೊಳೀಲಿಲ್ಲ. ಹೊಳೆದಿದ್ರೆ ಹೇಳ್ತಿರಲಿಲ್ವಾ?"

ನೋಲಾಸ್ಕೊ ಮಾಡಬೇಕಾಗಿದ್ದದ್ದು ಏನೂ ಇರಲಿಲ್ಲ. ತಲೆಯಾಡಿಸಿದ್ದರೂ ಆಗುತ್ತಿತ್ತು, ಆಡಿಸದೆ ನೆಲ ನೋಡಿದ್ದರೂ ಆಗುತ್ತಿತ್ತು. ಸುಲೆಮಾ ಅವನನ್ನೇ ನೋಡುತ್ತಿದ್ದಳು. ಬೇಡ ಎಂದು ಆ ನೋಟ ಸ್ಪಷ್ಟವಾಗಿ ಹೇಳುತ್ತಿತ್ತು. ಆದರೆ ಆ 'ಪಾಪ' ಅವನ ಕಿವಿಯಲ್ಲಿ ನಿಂತುಬಿಟ್ಟಿತ್ತು. ಪಾಪವಂತೆ. ಹೊಳೆಯಲಿಲ್ಲವಂತೆ. ಮಾಟೆಗೆ ಸಕ್ಕರೆ ಹಾಕಿಕೊಂಡು ಕುಡಿಯುವವನು ತನಗೆ ಕನಿಕರ ತೋರಿಸುತ್ತಿದ್ದಾನೆ.

"ಹೊಳೀಲಿಲ್ವಾ?" ಎಂದ. "ನನಗಾ? ನಲವತ್ತು ವರ್ಷ ಕುರಿ ಕಾದವನಿಗೆ? ಸಾಹೇಬರೇ, ನೀವು ಆ ಪೆಟ್ಟಿಗೆ ಬಿಚ್ಚಿದಾಗಲೇ ನನಗೆ ಗೊತ್ತಿತ್ತು. ಬೆಳಿಗ್ಗೆ ಬೂದಿ ನೆಟ್ಟಗೆ ಬಿದ್ದಾಗ ಇನ್ನೂ ಚೆನ್ನಾಗಿ ಗೊತ್ತಾಯ್ತು."

ಅಳಿಯ ರಕ್ತದ ಕೈಯನ್ನು ಅಂಗಿಗೆ ಒರೆಸಿಕೊಂಡ. "ಗೊತ್ತಿದ್ದೂ ಸುಮ್ಮನಿದ್ರಾ?"

"ನೀವು ನಗ್ತಾ ಇದ್ರಲ್ಲ. ಆ ನಗು ಎಲ್ಲಿಗೆ ಹೋಗಿ ನಿಲ್ಲುತ್ತೆ ನೋಡೋಣ ಅಂತ."

ಇಸೌರೊ ಕೆಮ್ಮಿದ. ಅಳಿಯ ಬಾಲಗಳ ಸಾಲುಗಳನ್ನು ನೋಡುತ್ತ ನಿಂತ. ಅವನು ಕೂಗಾಡಿದ್ದರೆ ನೋಲಾಸ್ಕೊಗೆ ಅನುಕೂಲವಾಗುತ್ತಿತ್ತು, ಕೂಗುವವರಿಗೆ ಕೊಡಲು ಅವನ ಬಳಿ ಮಾತು ಬೇಕಾದಷ್ಟಿತ್ತು. "ಅವತ್ತು ಮರಿಗಳನ್ನ ಹೊತ್ಕೊಂಡು ಬರುವಾಗ ನೀವು ನನ್ನ ಪಕ್ಕದಲ್ಲೇ ನಡೀತಿದ್ರಿ," ಎಂದ ಅವನು ಮೆಲ್ಲಗೆ. "ಸಂಜೇವರೆಗೂ." ಆಮೇಲೆ ಇಸೌರೊನ ಕಡೆ ತಿರುಗಿ, "ನಿಮಗೆ ಹೇಗೆ ಬೇಕೋ ಹಾಗೆ ಬರ್ಕೊಳ್ಳಿ. ನಾನು ಮಾವನ ಹತ್ರ ಮಾತಾಡಲ್ಲ," ಎಂದು ಹೇಳಿ ಪಿಕಪ್ ಕಡೆ ನಡೆದ.

ಇಸೌರೊ ಪೆನ್ಸಿಲ್ ತುದಿಗೆ ನಾಲಗೆ ತಾಗಿಸಿ 'ನರಿ' ಎಂದು ಬರೆದ. ನರಿಯಾದರೆ ಬಂದು ತಕರಾರು ತೆಗೆಯುವುದಿಲ್ಲ. ಪುಸ್ತಕ ಜೇಬಿಗೆ ಹಾಕಿ ಅವನೂ ಬೆಂಕಿಯ ಕಡೆ ಹೋದ.

ಉಳಿದವರು ಇಬ್ಬರೇ. ಗಾಳಿ ದೊಡ್ಡಿಯ ಧೂಳನ್ನೆಬ್ಬಿಸಿ ಇಬ್ಬರ ಮುಖಕ್ಕೂ ಎರಚುತ್ತಿತ್ತು. ನೋಲಾಸ್ಕೊ, "ಪಾಪ ಅಂತೆ," ಎಂದು ಶುರು ಮಾಡಿದ.

"ಸಾಕು," ಎಂದಳು ಸುಲೆಮಾ. ದನಿ ಏರಿಸಲಿಲ್ಲ. "ಅವತ್ತು ಬಾಯಿ ಬಿಡು ಅಂದೆ, ಮುಚ್ಕೊಂಡೆ. ಇವತ್ತು ಮುಚ್ಕೊಂಡಿದ್ರೆ ಸಾಕಿತ್ತು, ಬಿಟ್ಟೆ. ಎರಡು ಸಲಾನೂ ನೀನು ನೋಡಿದ್ದು ಅವನ ಕಡೆ. ನಾನೂ ಅಲ್ಲೇ ಇದ್ದೆ ನೋಲಾಸ್ಕೊ, ಎರಡು ಸಲಾನೂ."

ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ಅವನನ್ನು ಮುದುಕ ಎನ್ನದೆ ಹೆಸರು ಹಿಡಿದು ಕರೆದದ್ದು ಅವನಿಗೆ ನೆನಪಿರಲಿಲ್ಲ.

ಅವಳು ಬಕೆಟ್ಟಿನಿಂದ ಎದ್ದು ಲಂಗ ಕೊಡವಿಕೊಂಡಳು. "ಸಾಮಾನು ಸಾಗಿಸೋಕೆ ಲಾರಿ ಬೇಕು. ಇಸೌರೊ ಕೊಡಲ್ಲ, ಅವನಿಗೆ ಮೇಲಿನಿಂದ ಯಾರಾದ್ರೂ ಹೇಳಬೇಕು. ಹೋಗು, ಆ ಹುಡುಗ ಹೊರಡೋ ಮುಂಚೆ ಕೇಳು. ಮರ್ಯಾದೆಯಿಂದ ಕೇಳು."

ಪಿಕಪ್ಪಿನ ಎಂಜಿನ್ ಆಗಲೇ ಶುರುವಾಗಿತ್ತು. ನೋಲಾಸ್ಕೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಗಾಳಿಗೆ ಎದುರಾಗಿ ಅದರ ಕಡೆ ಬೇಗ ಬೇಗ ಹೆಜ್ಜೆ ಹಾಕಿದ.